ಮೆಲ್ಲಗೆ ಹೇಳಿದ ಬೇಡ

ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೊಬ್ಬರು ಟೀಚರನ್ನು ‘ಧೀರ ಮಹಿಳೆ’ ಎಂದು ಕರೆದರು. ಪರೇಲಿನ ಆ ಸಣ್ಣ ಹಾಲಿನಲ್ಲಿ, ಮಡಚುವ ಕುರ್ಚಿಗಳ ಕೊನೆಯ ಸಾಲಿನಲ್ಲಿ ಕುಳಿತಿದ್ದ ನನಗೆ ನಗು ಬಂದುಬಿಟ್ಟಿತು. ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡೆ. ಪಕ್ಕದಲ್ಲಿದ್ದ ಹೆಂಗಸು ನಾನು ಅಳುತ್ತಿದ್ದೇನೆಂದು ತಿಳಿದು ಬೆನ್ನು ಸವರಿದರು.

ನಾನು ಕಂಡವರಲ್ಲೆಲ್ಲ ಅತಿ ಹೆಚ್ಚು ಹೆದರುತ್ತಿದ್ದವರು ಟೀಚರ್. ಲಿಫ್ಟಿಗೆ ಹೆದರುತ್ತಿದ್ದರು, ಹಲ್ಲಿಗೆ, ಪಂಪ್ ಸ್ಟೋವಿಗೆ, ಟೆಲಿಗ್ರಾಂ ತರುವವನಿಗೆ. ಎಲ್ಲಕ್ಕಿಂತ ಹೆಚ್ಚಾಗಿ ಲೋಕಲ್ ಟ್ರೇನಿಗೆ. ಅವರ ಮನೆಯಿದ್ದ ಚಾಳು ನಮ್ಮ ಆಫೀಸಿನಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಅದಕ್ಕಾಗಿಯೇ ಅವರು ಈ ಕೆಲಸಕ್ಕೆ ಸೇರಿದ್ದೆಂದು ಆಫೀಸಿನ ಸಾಹೇಬರು ತಮಾಷೆ ಮಾಡುತ್ತಿದ್ದರು. ಅದು ತಮಾಷೆಯಾಗಿರಲಿಲ್ಲ, ನಿಜವೇ ಆಗಿತ್ತು. ಮುಂಬಯಿಯಲ್ಲಿದ್ದೂ ವರ್ಷಗಟ್ಟಲೆ ರೈಲು ಹತ್ತದೆ ಬದುಕಿದವರನ್ನು ನಾನು ಬೇರೆ ಕಂಡಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಅಚ್ಚಾಗುವುದಕ್ಕೂ ಅವರು ಹೆದರುತ್ತಿದ್ದರು. ಹಿಂದೆ ಒಂದು ಕನ್ನಡ ನೈಟ್ ಸ್ಕೂಲಿನಲ್ಲಿ, ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಬರುವವರಿಗೆ ಪಾಠ ಹೇಳಿದ್ದರಿಂದ ಎಲ್ಲರಿಗೂ ಅವರು ಟೀಚರ್. ನನಗೂ.

ನಮ್ಮದು ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಕ್ಯಾಸೆಟ್ಟಿಗಿಳಿಸುವ ಸಂಸ್ಥೆ. ಮಿಲ್ಲುಗಳ ನಡುವಿನ ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಗೋಡೆಗೆಲ್ಲ ರಜಾಯಿ ಹೊಡೆದ ಒಳಕೋಣೆಯಲ್ಲಿ ಓದುವುದು. ಹೊರಗಿನದರಲ್ಲಿ ಮೆಷಿನುಗಳು, ಕತ್ತರಿ, ಅಂಟು ಟೇಪು. ಓದುವಾಗ ಫ್ಯಾನು ಹಾಕುವಂತಿರಲಿಲ್ಲ, ಅದರ ಸದ್ದೂ ಟೇಪಿಗೆ ಇಳಿಯುತ್ತಿತ್ತು. ಮರಾಠಿ, ಹಿಂದಿ ಪುಸ್ತಕಗಳಿಗೆ ಬೇರೆ ಜನರಿದ್ದರು. ಕನ್ನಡಕ್ಕೆ ಟೀಚರ್ ಒಬ್ಬರೇ. ಎಂ.ಎ. ಮುಗಿಸಿ ಚೆಂಬೂರಿನ ಮನೆಯಲ್ಲಿ ಕೂತಿದ್ದ ನಾನು ಎರಡನೆಯವಳಾದೆ.

ಮೊದಲ ದಿನ ಒಂದು ಪುಟ ಓದಿಸಿದರು. ನಮ್ಮದು ಮೈಸೂರು ಕಡೆಯ ಮನೆ. ನಾನು ಓದಿ ಮುಗಿಸಿದಾಗ ಟೀಚರ್ ಕಣ್ಣು ಮುಚ್ಚಿಕೊಂಡಿದ್ದರು.

“ಸ್ವರ ಒಳ್ಳೆದುಂಟು. ಆದ್ರೆ ‘ಹಾಲು’ ಅಂತ ಬರೆದದ್ದನ್ನು ‘ಆಲು’ ಅಂತ ಓದಿದ್ಯಲ್ಲ ಮಾರಾಯ್ತಿ. ಕೇಳಿದವನು ಕಾಫಿಗೆ ಬಟಾಟೆ ಹಾಕ್ತಾನೆ.”

“ನಾನು ‘ಹಾಲು’ ಅಂತಲೇ ಓದಿದ್ದು” ಎಂದೆ, ಮುಖ ಬಿಸಿಯಾಗಿ.

“ಹಾಗಾದ್ರೆ ಟೇಪು ತಿಂದಿರ್ಬೇಕು. ಟೇಪಿಗೆ ‘ಹ’ ಅಂದ್ರೆ ಬಾಳ ಇಷ್ಟ. ನಿಮ್ಮ ಕಡೆಯವರ ಹಾಗೇ.”

ಅಪಹಾಸ್ಯವೆಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅದು ನನ್ನ ಕೆಲಸದ ಮೊದಲ ಪಾಠ.

ಯಾಕೆಂದರೆ ನಮ್ಮ ಕೆಲಸದಲ್ಲಿ ಅರ್ಧ ಓದುವುದು, ಅರ್ಧ ಚಿಕ್ಕದು ಮಾಡುವುದು. ಒಂದು ಸಾಧಾರಣ ಕಾದಂಬರಿ ಕ್ಯಾಸೆಟ್ಟಿಗೆ ಇಳಿದರೆ ಒಂದು ಕಟ್ಟು ಆಗುತ್ತದೆ. ಅಂಚೆಯಲ್ಲಿ ಹೋಗುವಾಗ ಆ ಕಟ್ಟಿನಲ್ಲಿ ಒಂದು ಕಳೆದುಹೋದರೆ ಕೇಳುಗನಿಗೆ ಕಥೆಯೇ ಹೋಯಿತು. ಖಾಲಿ ಕ್ಯಾಸೆಟ್ಟುಗಳು ದಾನವಾಗಿ ಬರಬೇಕು, ಬಂದಷ್ಟೇ. ಆದ್ದರಿಂದ ನಮ್ಮ ಸಾಹೇಬರಿಗೆ ಒಂದೇ ಮಂತ್ರ: “ಛೋಟಾ ಕರೋ.” ಅವರು ಒಳ್ಳೆಯ ಮನುಷ್ಯ, ಮರಾಠಿಯವರು, ಕನ್ನಡ ಒಂದಕ್ಷರ ಬಾರದು. ಯಾರ ಮೇಜಿನ ಹತ್ತಿರ ನಿಂತರೂ ಹೆಬ್ಬೆರಳು ತೋರುಬೆರಳುಗಳ ನಡುವಿನ ಅಂತರ ಕಿರಿದು ಮಾಡಿ ತೋರಿಸುತ್ತಿದ್ದರು.

ಚಿಕ್ಕದು ಮಾಡುವುದನ್ನು ಟೀಚರ್ ನನಗೆ ಕಲಿಸಿದರು. ಹಾಡಿಗೆ ಬೇಕಾದಷ್ಟು ಜಾಗ ಮಾತಿಗೆ ಬೇಡ. ಹಾಡಿಗೆ ಎರಡು ಕಿವಿ ಬೇಕು, ಮಾತಿಗೆ ಒಂದು ಸಾಕು; ಹಾಗಾಗಿ ಟೇಪಿನ ಮೇಲೆ ಎರಡು ಸಾಲಿನಲ್ಲಿ ಬರೆದುಕೊಳ್ಳುವ ಸದ್ದನ್ನು ಒಂದೇ ಸಾಲಿಗೆ ಇಳಿಸಬಹುದು. ಟೇಪನ್ನು ಅರ್ಧ ವೇಗದಲ್ಲಿ ಓಡಿಸಿದರೆ ಅದೇ ಉದ್ದದಲ್ಲಿ ಎರಡರಷ್ಟು ಮಾತು ಹಿಡಿಯುತ್ತದೆ. ಆದರೆ ಆಗ ಸ, ಶ, ಷ ಮೂರೂ ಒಂದಾಗುತ್ತವೆ, ‘ಹ’ ಮಾಯವಾಗುತ್ತದೆ. ಓದುವವರು ಅದನ್ನು ಮೊದಲೇ ತಿಳಿದು ನಾಲಿಗೆಯನ್ನು ಬಿಗಿ ಮಾಡಿಕೊಳ್ಳಬೇಕು. ಕೆಮ್ಮು, ಪುಟ ಮಗುಚಿದ ಸದ್ದು, ತಪ್ಪಿ ಓದಿ ತಿದ್ದಿಕೊಂಡದ್ದು, ಬೀದಿಯ ಹಾರ್ನು, ಇವನ್ನೆಲ್ಲ ಕತ್ತರಿಸಬಹುದು. ಉಸಿರನ್ನೂ ಕತ್ತರಿಸಬಹುದು, ಆದರೆ ಎಲ್ಲ ಉಸಿರನ್ನಲ್ಲ.

“ಉಸಿರಿಲ್ಲದವರು ಓದಿದ ಹಾಗೆ ಕೇಳಿದ್ರೆ ಹೆದರಿಕೆ ಆಗ್ತದೆ” ಎನ್ನುತ್ತಿದ್ದರು. “ಕತ್ತಲೆಯಲ್ಲಿ ಕೂತು ಕೇಳುವವನಿಗೆ ಓದುವವರು ಬದುಕಿದ್ದಾರೆ ಅಂತ ಗೊತ್ತಾಗ್ಬೇಕು.”

ಅವರು ಪ್ರತಿ ಬದಿಯ ಕೊನೆಗೂ, “ಈ ಬದಿ ಮುಗಿಯಿತು, ಕ್ಯಾಸೆಟ್ ತಿರುಗಿಸಿ” ಎಂದು ಹೇಳುತ್ತಿದ್ದರು. ಎಲ್ಲರೂ ಹೇಳುತ್ತಿದ್ದದ್ದೇ. ಟೀಚರ್ ಮಾತ್ರ ಅದಕ್ಕೆ “ನಾನು ಆ ಕಡೆ ಇದ್ದೇನೆ” ಎಂದು ಸೇರಿಸುತ್ತಿದ್ದರು. ಸಾಹೇಬರು ತಿಳಿದವರಿಂದ ಅರ್ಥ ಕೇಳಿಕೊಂಡು, “ಇದೊಂದು ಛೋಟಾ ಮಾಡಬಾರದೇ?” ಎಂದಿದ್ದರು. ಟೀಚರ್ ಆಗಲೆಂದು ತಲೆಯಾಡಿಸಿ, ಮುಂದಿನ ಬದಿಯಲ್ಲೂ ಹಾಗೆಯೇ ಹೇಳಿದರು.

ಮಿಲ್ಲು ಕೆಲಸಗಾರರ ಮುಷ್ಕರ ಮುರಿದ ಮೇಲೆ ಸುತ್ತಲಿನ ಎಷ್ಟೋ ಮಿಲ್ಲುಗಳು ಮತ್ತೆ ತೆರೆಯಲೇ ಇಲ್ಲ. ಮೊದಲೆಲ್ಲ ಮಿಲ್ಲಿನ ಭೋಂಗಾ, ಪಾಳಿಯ ಸೈರನ್, ಕೂಗಿದಾಗ ರೆಕಾರ್ಡಿಂಗ್ ನಿಲ್ಲಿಸಿ ಕಾಯಬೇಕಾಗಿತ್ತಂತೆ. ಈಗ ಅದಿಲ್ಲ, ಒಳ್ಳೆಯದಾಯಿತು ಎಂದು ಸಾಹೇಬರು ಒಮ್ಮೆ ಅಂದಾಗ ಟೀಚರ್ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟರು. “ಸದ್ದು ನಿಂತದ್ದಕ್ಕೆ ಒಳ್ಳೆದಾಯ್ತು ಅಂತ ಹೇಳ್ಬಾರ್ದು” ಎಂದು ನನಗೆ ಮಾತ್ರ ಕೇಳುವಂತೆ ಕನ್ನಡದಲ್ಲಿ ಹೇಳಿದರು. ಅವರ ಚಾಳಿನಲ್ಲಿ ಭೋಂಗಾದ ಹೊತ್ತಿಗೆ ಡಬ್ಬಿ ಹಿಡಿದು ಹೊರಡುತ್ತಿದ್ದವರೆಲ್ಲ ಈಗ ಹಗಲಿಡೀ ವರಾಂಡದಲ್ಲಿ ಕೂತಿರುತ್ತಿದ್ದರು. ಮೌನ ಎಂದರೆ ಖಾಲಿ ಟೇಪು ಎಂದು ನಾನು ತಿಳಿದಿದ್ದೆ. ಟೀಚರಿಗೆ ಹಾಗಿರಲಿಲ್ಲ, ಮೌನ ಬಂದರೆ ಅವರು ಕಿವಿ ನಿಮಿರಿಸುತ್ತಿದ್ದರು.

ಇಷ್ಟೊಂದು ಹೆದರಿಕೆಗೆ ಕಾರಣವೇನೆಂದು ನಾನು ಒಮ್ಮೆ ಕೇಳಿದ್ದುಂಟು. ಇತರರ ವಿಷಯ ಕೇಳುವ ಅಭ್ಯಾಸ ನನಗಿಲ್ಲ. ಅಂದು ಹೇಗೋ ಕೇಳಿಬಿಟ್ಟೆ.

“ಹೆದರಿಕೆಗೆ ಎಂತ ಕಾರಣ? ಕಾರಣ ಬೇಕಾದ್ದು ಧೈರ್ಯಕ್ಕೆ” ಎಂದು ಚಹಾ ಆರಿಸತೊಡಗಿದರು.

ಅವರ ಬಾಯಲ್ಲಿ ದಿನಕ್ಕೆ ಎಷ್ಟು ಸಲ ‘ಬೇಡ’ ಬರುತ್ತಿತ್ತೋ. ಮಳೆ ಬರುವಾಗ ಹೋಗುವುದು ಬೇಡ, ಆ ಹೋಟೆಲಿನ ಚಟ್ನಿ ಬೇಡ, ಕಿಟಕಿಯ ಹತ್ತಿರ ಕೂರುವುದು ಬೇಡ. ಆದರೆ ಅದನ್ನು ಜೋರಾಗಿ ಹೇಳುತ್ತಿರಲಿಲ್ಲ. ಮೊದಲ ಮಾತುಗಳನ್ನು ಸ್ಪಷ್ಟವಾಗಿ ಹೇಳಿ, ನಿಲ್ಲಿಸಿ, ಒಂದು ಉಸಿರು ತೆಗೆದುಕೊಂಡು, ಆಮೇಲೆ ತೀರ ಮೆಲ್ಲಗೆ, ಮಲಗಿದ ಮಗುವಿಗೆ ಹೊದಿಸುವ ಹಾಗೆ, ‘ಬೇಡ’ ಎನ್ನುತ್ತಿದ್ದರು. ಓದುವಾಗಲೂ ಹಾಗೆಯೇ.

“ಬೇಡ ಅನ್ನೋದನ್ನು ಕಿರುಚಿ ಹೇಳಿದ್ರೆ ಕೇಳಿದವನ ಕಾಲು ನಡುಗ್ತದೆ. ನಡುಗಿದ ಕಾಲು ತಪ್ಪು ಜಾಗಕ್ಕೇ ಹೋಗ್ತದೆ.”

ಈಗ ಶೀನನ ವಿಷಯ ಹೇಳಬೇಕು.

ಶೀನ ಅವರ ನೈಟ್ ಸ್ಕೂಲಿನ ಹಳೆಯ ವಿದ್ಯಾರ್ಥಿ, ಉಡುಪಿ ಕಡೆಯವನು, ದಹಿಸರಿನ ಒಂದು ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದವನು. ನಲವತ್ತರ ಹತ್ತಿರ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಯಿತು. ಅಲ್ಲೇ ಕಿರಾಣಿ ಅಂಗಡಿ ಇಟ್ಟ ಅಣ್ಣನ ಮನೆಯಲ್ಲಿದ್ದ. ಟೀಚರ್ ಅಲ್ಲಿ ಇಲ್ಲಿ ವಿಚಾರಿಸಿ ಪರೇಲಿನ ಹತ್ತಿರವೇ ಟೆಲಿಫೋನ್ ಆಪರೇಟರ್ ತರಬೇತಿಗೆ ಅವನನ್ನು ಸೇರಿಸಿದರು. ಷರತ್ತು ಒಂದೇ: ಸೋಮವಾರದಿಂದ ದಿನಾ ಒಬ್ಬನೇ ಬಂದು ಹೋಗಬೇಕು. ಆಗದಿದ್ದರೆ ಜಾಗ ಬೇರೆಯವರಿಗೆ. ಅಣ್ಣನಿಗೆ ಅಂಗಡಿ ಬಿಟ್ಟು ಬರಲು ಸಾಧ್ಯವಿರಲಿಲ್ಲ. ಇದೂ ಆಗದಿದ್ದರೆ ಊರಿಗೆ ಕಳಿಸುತ್ತೇನೆಂದು ಹೇಳಿಬಿಟ್ಟಿದ್ದ.

“ಊರಲ್ಲಿ ನನ್ನನ್ನು ಕುಂಬಳಕಾಯಿಯ ಹಾಗೆ ಮೂಲೆಯಲ್ಲಿ ಇಡ್ತಾರೆ ಟೀಚರೇ” ಎಂದು ಆಫೀಸಿಗೆ ಬಂದಾಗ ಶೀನ ನಗುತ್ತಲೇ ಹೇಳಿದ್ದ. “ಕೋಲು ಹಿಡಿಯಲಿಕ್ಕೆ ಒಬ್ಬರು ಕಲಿಸಿದ್ದಾರೆ. ಆದ್ರೆ ಟ್ರೇನಿನ ವಿಷಯ ಅವರು ಹಿಂದಿಯಲ್ಲಿ ಹೇಳಿದ್ದು ತಲೆಗೆ ಹೋಗ್ಲಿಲ್ಲ. ನೀವೇ ಒಂದು ಕ್ಯಾಸೆಟ್ಟು ಮಾಡಿ ಕೊಡಿ. ಕೇಳಿ ಕೇಳಿ ಬಾಯಿಪಾಠ ಮಾಡ್ತೇನೆ.”

ರೈಲನ್ನೇ ಹತ್ತದ ಟೀಚರ್ ರೈಲಿನ ಪಾಠ ಬರೆಯಬೇಕಾಯಿತು. ನಾನು ದಿನಾ ಚೆಂಬೂರಿನಿಂದ ಕುರ್ಲಾಕ್ಕೆ ಬಂದು, ಅಲ್ಲಿ ಗಾಡಿ ಬದಲಾಯಿಸಿ ಪರೇಲಿಗೆ ಬರುವವಳು. ಬೆಳಿಗ್ಗೆ ಬಂದ ಕೂಡಲೇ ವಿಚಾರಣೆ. ಬಾಗಿಲ ನಡುವಿನ ಕಂಬ ಯಾವ ಕೈಗೆ ಸಿಗ್ತದೆ? ಪ್ಲಾಟ್‌ಫಾರಂ ಬಂದದ್ದು ಗಾಳಿಯಿಂದ ಗೊತ್ತಾಗ್ತದಾ? ನಾನು ಉತ್ತರ ಕೊಡಲಾರದೆ, ಒಂದು ದಿನ ಕುರ್ಲಾ ಬಿಟ್ಟ ಮೇಲೆ ಕಣ್ಣು ಮುಚ್ಚಿ ನಿಂತೆ. ಮೊದಲು ಸದ್ದು ದೊಡ್ಡದಾಯಿತು. ಆಮೇಲೆ ನನ್ನ ಮೈ ಎಲ್ಲಿ ಮುಗಿದು ಬೇರೆಯವರ ಮೈ ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯಲಿಲ್ಲ. ಬಾಗಿಲು ಹಿಂದಿದೆ ಎಂದುಕೊಂಡಿದ್ದೆ, ಗಾಳಿ ಮುಂದಿನಿಂದ ಬಂತು. ನನ್ನ ಬಾಯಿಂದ ಸಣ್ಣ ಸದ್ದು ಹೊರಟಿರಬೇಕು, ಯಾರೋ ಏನಾಯಿತೆಂದು, “ಕಾಯ್ ಝಾಲಂ?” ಎಂದರು. ಸಾಯನ್ ಬರುವ ಮೊದಲೇ ಕಣ್ಣು ತೆರೆದುಬಿಟ್ಟೆ.

ಟೀಚರಿಗೆ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

“ತೆರೆದದ್ದು ಒಳ್ಳೆದಾಯ್ತು. ಅವನಿಗೆ ತೆರೆಯಲಿಕ್ಕಿಲ್ಲ.”

ಪಾಠ ಸಿದ್ಧವಾಯಿತು. ಟೀಚರೇ ಓದಿದರು. ಪಠ್ಯಪುಸ್ತಕದವರ ಹಾಗೆ ಪ್ರತಿ ಸೂಚನೆಯನ್ನೂ ‘ವುದು’ ಎಂದು ಮುಗಿಸಿದ್ದರು: ಗೋಡೆಯ ಕಡೆ ನಿಲ್ಲುವುದು. ಎಡಗೈಯಿಂದ ಕಂಬ ಹಿಡಿಯುವುದು. ಮಾಡಬಾರದ್ದಕ್ಕೆ ಅವರ ‘ಬೇಡ’ ಇದ್ದೇ ಇತ್ತು, ಉಸಿರಿನ ನಂತರ, ಮೆಲ್ಲಗೆ. ಓದಿ ಮುಗಿಸಿದ ಮಾರನೆಯ ದಿನ ಜ್ವರ ಬಂದು ಮಲಗಿದರು.

ಅದೇ ವಾರ ನಮ್ಮಲ್ಲಿಗೆ ಹೊಸ ಮೆಷಿನೊಂದು ದಾನವಾಗಿ ಬಂದಿತ್ತು. ಮಾತು ಕೇಳಿದಾಗ ತಾನೇ ಓಡುತ್ತದೆ, ಮಾತು ನಿಂತರೆ ತಾನೇ ನಿಲ್ಲುತ್ತದೆ. ಮೌನಕ್ಕೆ ಒಂದಂಗುಲ ಟೇಪೂ ದಂಡವಿಲ್ಲ. ಸಾಹೇಬರು ಮಗುವಿನಂತೆ ಕುಣಿದರು. ಟೀಚರ ರೈಲಿನ ಪಾಠವನ್ನು ಅವರೇ ಅದರಲ್ಲಿ ಕಾಪಿ ಮಾಡಿ, ಹೊರಡುವ ಅವಸರದಲ್ಲಿದ್ದ ಶೀನನ ಅಣ್ಣನ ಕೈಗೆ ಕೊಟ್ಟು ಕಳಿಸಿದರು. ನಾನು ಒಳಕೋಣೆಯಲ್ಲಿ ಬೇರೊಂದು ಪುಸ್ತಕ ಓದುತ್ತಿದ್ದೆ. ಹೊರಗೆ ಬಂದಾಗ ಸಾಹೇಬರು ಬೆರಳುಗಳ ಅಂತರ ಕಿರಿದು ಮಾಡಿ ತೋರಿಸಿ, “ಏಕ್ ಕ್ಯಾಸೆಟ್ ವಾಚಲೀ!” ಎಂದರು. ಒಂದು ಕ್ಯಾಸೆಟ್ ಉಳಿಯಿತು. ಅವರಿಗೆ ಕೇಳಿಸಿದ್ದು ಶುದ್ಧವಾದ, ಎಡೆಬಿಡದ, ಸ್ಪಷ್ಟ ಸ್ವರ.

ಶನಿವಾರ ಟೀಚರ್ ಶಾಲು ಹೊದ್ದು ಬಂದರು. ಅರ್ಧ ದಿನದ ಆಫೀಸು. ಅದೇ ಮೆಷಿನಿನಲ್ಲಿ ಮಾಡಿಟ್ಟ ಇನ್ನೊಂದು ಕಾಪಿಯನ್ನು, ಹೇಗೆ ಬಂದಿದೆ ನೋಡೋಣವೆಂದು ನಾನು ಹಾಕಿದೆ. ಅವರದೇ ಸ್ವರ ಕೋಣೆಯಲ್ಲಿ ತುಂಬಿತು.

“ಬಾಗಿಲ ಅಂಚಿನಲ್ಲಿ ನಿಲ್ಲುವುದು. ಎಡಗೈಯಿಂದ ಕಂಬ ಹಿಡಿಯುವುದು. ಗಾಡಿ ನಿಂತ ಹಾಗೆ ಅನಿಸಿದ ಕೂಡಲೇ ಇಳಿಯುವುದು. ಪಕ್ಕದವರು ಇಳಿದರೆಂದು ಇಳಿಯುವುದು.”

ಮೊದಲು ನನಗೆ ಅರ್ಥವಾಗಲಿಲ್ಲ. ಟೀಚರ ಮುಖ ನೋಡಿದೆ. ಅವರ ತುಟಿಗಳು ಸ್ವರದ ಜೊತೆಗೇ ಚಲಿಸುತ್ತಿದ್ದವು. ಸ್ವರ ನಿಂತಲ್ಲಿ ಅವು ನಿಲ್ಲುತ್ತಿರಲಿಲ್ಲ, ಇನ್ನೂ ಒಂದು ಮಾತು ಹೇಳುತ್ತಿದ್ದವು. ಆಗ ತಿಳಿಯಿತು. ಅವರು ಉಸಿರು ತೆಗೆದುಕೊಂಡಲ್ಲಿ ಮೆಷಿನು ನಿಂತಿತ್ತು. ಆಮೇಲಿನ ‘ಬೇಡ’ ಎಷ್ಟು ಮೆಲ್ಲಗಿತ್ತೆಂದರೆ ಅದನ್ನು ಮಾತೆಂದು ಮೆಷಿನು ಎಣಿಸಲೇ ಇಲ್ಲ. ಉಳಿದದ್ದೆಲ್ಲ ಅಪ್ಪಣೆ. ಅದೂ ಟೀಚರ ಸ್ವರದಲ್ಲಿ.

“ಇದು ಅವನ ಹತ್ರ ಉಂಟಾ?” ಎಂದರು ಟೀಚರ್.

“ಇದೆ. ಮೊನ್ನೆಯೇ ಹೋಯ್ತು.”

“ಇವತ್ತು ಶನಿವಾರ. ರಶ್ಶು ಕಮ್ಮಿ ಅಂತ ಇವತ್ತು ಮಧ್ಯಾಹ್ನ ಒಬ್ಬನೇ ಬಂದು ನೋಡ್ತೇನೆ ಅಂದಿದ್ದ.”

ಶೀನನ ಅಣ್ಣನ ಅಂಗಡಿಗೆ ಫೋನಿರಲಿಲ್ಲ, ಪಕ್ಕದ ಮೆಡಿಕಲ್ ಸ್ಟೋರಿಗಿತ್ತು. ಎಷ್ಟು ತಿರುಗಿಸಿದರೂ ಎಂಗೇಜ್. ಕೊನೆಗೆ ಸಿಕ್ಕಿತು. ನಾನು ಹಿಂದಿಯಲ್ಲಿ ಕೇಳಿದೆ. ಆ ಕಡೆಯ ಗಂಡಸು ನಗುತ್ತಾ, “ಶೀನಾ? ವೋ ತೋ ಅಭೀ ಸ್ಟೇಶನ್ ಗಯಾ. ಅಕೇಲಾ. ಹೀರೋ ಬನ್ ಕೇ” ಎಂದ. ಶೀನ ಆಗಲೇ ಒಬ್ಬನೇ ಸ್ಟೇಷನ್ನಿಗೆ ಹೊರಟಿದ್ದ. ಓಡಿ ಹೋಗಿ ನಿಲ್ಲಿಸಿ ಎಂದೆ. ಅಂಗಡಿಯಲ್ಲಿ ತಾನೊಬ್ಬನೇ, ಯಾರಾದರೂ ಬಂದರೆ ಕಳಿಸುತ್ತೇನೆ ಎಂದು ಫೋನಿಟ್ಟ.

ನಾನು ತಿರುಗಿ ನೋಡುವಷ್ಟರಲ್ಲಿ ಟೀಚರ್ ಚಪ್ಪಲಿ ಮೆಟ್ಟಿ ಬಾಗಿಲಲ್ಲಿದ್ದರು. “ಟೀಚರ್, ನೀವು ಕೂತ್ಕೊಳ್ಳಿ, ನಾನು ಹೋಗಿ ಬರ್ತೀನಿ” ಎಂದೆ.

“ಹೇಳಿದ್ದು ನನ್ನ ಸ್ವರ. ನೀನು ಹೋಗಿ ಎಂತ ಮಾಡ್ತಿ?”

ಸೇತುವೆ ದಾಟಿ ಪಶ್ಚಿಮದ ಲೈನಿಗೆ ಹೋದೆವು. ಸ್ಲೋ ಗಾಡಿಯಲ್ಲಿ ದಾದರ್, ಅಲ್ಲಿಂದ ವಿರಾರ್ ಗಾಡಿ. ಮೆಟ್ಟಿಲಿಳಿಯುವಾಗ ಟೀಚರ್ ನನ್ನ ಮಣಿಕಟ್ಟು ಹಿಡಿದರು, ಆಮೇಲೆ ಬಿಡಲಿಲ್ಲ. ಲೇಡೀಸ್ ಡಬ್ಬಿಯ ನಡುವೆ, ಬಾಗಿಲಿನಿಂದ ಸಾಧ್ಯವಿದ್ದಷ್ಟು ದೂರದಲ್ಲಿ, ಜ್ವರದ ಬಿಸಿ ಇನ್ನೂ ಇಳಿಯದ ಮೈಯನ್ನು ಸೀಟಿನ ಬೆನ್ನಿಗೆ ಒತ್ತಿ ನಿಂತರು. ತುಟಿ ಅಲ್ಲಾಡುತ್ತಿತ್ತು. ದೇವರ ನಾಮವೆಂದುಕೊಂಡೆ. ಬಗ್ಗಿ ಕೇಳಿದರೆ, “ನಿಲ್ಲುವುದು ಬೇಡ. ಇಳಿಯುವುದು ಬೇಡ.” ಸೊಪ್ಪು ಬಿಡಿಸುತ್ತಾ ಕೂತಿದ್ದ ಮೀನಿನ ಬುಟ್ಟಿಯ ಹೆಂಗಸೊಬ್ಬಳು ಇವರನ್ನೇ ನೋಡಿ, ತನ್ನ ಜಾಗ ಬಿಟ್ಟು, “ಬಸಾ, ಆಯೀ” ಎಂದಳು. ಟೀಚರ್ ಅದಕ್ಕೂ ಬೇಡವೆಂದು ತಲೆಯಾಡಿಸಿದರು.

ಎದುರಿನ ಹಳಿಯಲ್ಲಿ ಬರುವ ಪ್ರತಿ ಗಾಡಿಯನ್ನೂ ನಾನು ನೋಡುತ್ತಿದ್ದೆ. ಅವುಗಳಲ್ಲೊಂದರ ಬಾಗಿಲ ಅಂಚಿನಲ್ಲಿ, ಟೀಚರ ಮಾತಿನಂತೆ, ಶೀನ ನಿಂತಿರಬಹುದು.

ಬೋರಿವಲಿ ದಾಟಿ ಸ್ವಲ್ಪ ದೂರ ಹೋದ ಮೇಲೆ ಗಾಡಿ ನಿಂತಿತು. ಸ್ಟೇಷನ್ ಅಲ್ಲ, ನಡುದಾರಿ. ಫ್ಯಾನುಗಳ ಸದ್ದು ಮಾತ್ರ. ಬಾಗಿಲಲ್ಲಿದ್ದ ಕಾಲೇಜು ಹುಡುಗಿಯರು ಹೊರಗೆ ಬಗ್ಗಿದರು. “ಕೋಯೀ ಗಿರಾ ಕ್ಯಾ?” ಎಂದಳು ಒಬ್ಬಳು, ಯಾರಾದರೂ ಬಿದ್ದರೇ ಎಂಬುದನ್ನು ಬಸ್ಸು ಕೆಟ್ಟಿತೇ ಎಂದು ಕೇಳುವ ದನಿಯಲ್ಲಿ. ಮುಂಬಯಿಯಲ್ಲಿ ಗಾಡಿ ನಿಲ್ಲಲು ನೂರು ಕಾರಣ. ಎಲ್ಲರಿಗೂ ಮೊದಲು ಹೊಳೆಯುವುದು ಅದೊಂದೇ. ಟೀಚರ ಉಗುರುಗಳು ನನ್ನ ಚರ್ಮದೊಳಗೆ ಇಳಿಯುತ್ತಿದ್ದವು. ನಾನು ಕೈ ಎಳೆದುಕೊಳ್ಳಲಿಲ್ಲ. ಆ ನೋವೊಂದೇ ಆಗ ನನಗೆ ಹಿಡಿದುಕೊಳ್ಳಲು ಇದ್ದ ಕಂಬ.

ಗಾಡಿ ಕುಲುಕಿ ಹೊರಟಿತು.

ದಹಿಸರಿನಲ್ಲಿ ಇಳಿದಾಗ ಆ ಕಡೆಯ ಪ್ಲಾಟ್‌ಫಾರಮ್ಮಿನಲ್ಲಿ ಗುಂಪೇನೂ ಇರಲಿಲ್ಲ. ಸೇತುವೆ ಹತ್ತಿ ಇಳಿದೆವು. ಕೊನೆಯ ಬೆಂಚಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಶೀನ ಕೂತಿದ್ದ. ನಾವು ಇನ್ನೂ ದೂರವಿರುವಾಗಲೇ ತಲೆಯೆತ್ತಿದ.

“ಇದು ಟೀಚರ ಚಪ್ಪಲಿಯ ಸದ್ದಲ್ವಾ? ಟೀಚರೇ! ರೈಲಲ್ಲಿ ಬಂದ್ರಾ? ಯಾರು ಸತ್ತದ್ದು?”

ಟೀಚರ್ ಬೆಂಚಿನ ಮೇಲೆ ಕುಸಿದು ಕೂತರು. ಅವನ ತೋಳನ್ನು, ಮೊಣಕಾಲನ್ನು, ಪಾದವನ್ನು ಮುಟ್ಟಿ ಮುಟ್ಟಿ ನೋಡಿದರು, ಸಾಮಾನು ಸರಿಯಾಗಿ ಬಂದಿದೆಯೇ ಎಂದು ಪರೀಕ್ಷಿಸುವವರ ಹಾಗೆ. ನಡೆದದ್ದನ್ನು ನಾನೇ ಹೇಳಿದೆ.

ಶೀನ ನಕ್ಕ. “ಮೊದಲ ಸಲ ಕೇಳುವಾಗಲೇ ಅಂದ್ಕೊಂಡೆ. ಸ್ವರ ಟೀಚರದ್ದು, ಮಾತು ಯಾರದ್ದೋ. ‘ಬಾಗಿಲ ಅಂಚಿನಲ್ಲಿ ನಿಲ್ಲುವುದು’ ಅಂತ ನಮ್ಮ ಟೀಚರ್ ಹೇಳ್ಲಿಕ್ಕುಂಟಾ? ನೈಟ್ ಸ್ಕೂಲಲ್ಲಿ ಒಂದು ಸಲ ಆದ್ರೂ ಬೇಡ ಅನ್ನದೆ ಮಾತು ಮುಗ್ಸಿದ್ದುಂಟಾ? ಎಲ್ಲೋ ಬೇಡ ಬಿದ್ದುಹೋಗಿದೆ ಅಂತ ನಾನೇ ಸೇರಿಸ್ಕೊಂಡೆ.”

“ಎಲ್ಲದಕ್ಕೂ?” ಎಂದೆ.

“ಎಲ್ಲದಕ್ಕೂ. ಯಾವುದಕ್ಕೆ ಉಂಟು ಯಾವುದಕ್ಕಿಲ್ಲ ಅಂತ ನನಗೆ ಹೇಗೆ ಗೊತ್ತಾಗ್ಬೇಕು ಅಕ್ಕಾ? ಅಂಚಿನಲ್ಲಿ ನಿಲ್ಲುವುದು ಬೇಡ. ಕಂಬ ಹಿಡಿಯುವುದು ಬೇಡ. ಗಾಡಿ ಹತ್ತುವುದೂ ಬೇಡ.” ಅವನ ನಗು ನಿಂತಿತು. “ಇಲ್ಲಿ ಬಂದು ಕೂತೆ. ಗಾಡಿ ಬರ್ತದೆ, ಏಳ್ತೇನೆ, ಕಾಲು ಹೋಗುದಿಲ್ಲ. ನಿಮ್ಮ ಸ್ವರ ಹಿಂದಿಂದ ಬೇಡ ಅಂತದೆ. ಇನ್ನು ಮನೆಗೆ ಹೋಗಿ ಊರಿಗೆ ಟಿಕೆಟ್ ಮಾಡು ಅಂತ ಅಣ್ಣನಿಗೆ ಹೇಳುದು ಅಂತಿದ್ದೆ.”

ಕ್ಯಾಸೆಟ್ಟಿನಲ್ಲಿ ಬಿದ್ದುಹೋದ ಬೇಡಕ್ಕೆ ಹೆದರಿ ಟೀಚರ್ ಓಡಿ ಬಂದಿದ್ದರು. ಇಲ್ಲಿ ನೋಡಿದರೆ, ಅವರು ಜನ್ಮವಿಡೀ ಹೇಳಿದ ಬೇಡಗಳೆಲ್ಲ ಈ ಬೆಂಚಿನ ಮೇಲೆ ಒಬ್ಬ ಮನುಷ್ಯನನ್ನು ಕೂರಿಸಿಬಿಟ್ಟಿದ್ದವು. ಯಾವುದು ಹೆಚ್ಚು ಭಯಂಕರವೆಂದು ನನಗೆ ಈಗಲೂ ಹೇಳಲಾಗದು.

ಹಳಿಗಳು ಸಣ್ಣಗೆ ಹಾಡತೊಡಗಿದವು. ಚರ್ಚ್‌ಗೇಟ್ ಕಡೆಯ ಗಾಡಿ.

ಟೀಚರ್ ಎದ್ದರು. ಶೀನನ ಮೊಣಕೈಗೆ ತಮ್ಮ ಕೈ ಕೊಟ್ಟರು. ಅವರು ನಡುಗುತ್ತಿದ್ದದ್ದು ಸೀರೆಯ ಅಂಚಿನಲ್ಲಿ ಕಾಣುತ್ತಿತ್ತು. ಗಾಡಿ ಬಂದು ನಿಂತಿತು. ನಮ್ಮ ಎದುರಿಗೆ ಬಂದದ್ದು ಗಂಡಸರ ಡಬ್ಬಿ.

“ಎಡಗೈಯಿಂದ ಕಂಬ ಹಿಡಿಯುವುದು” ಎಂದರು ಟೀಚರ್, ಕ್ಯಾಸೆಟ್ಟಿನದೇ ದನಿಯಲ್ಲಿ. ಶೀನ ಕೈ ಚಾಚಿದ, ಕಂಬ ಸಿಕ್ಕಿತು. “ಬಲಗಾಲು ಎತ್ತಿ ಹತ್ತುವುದು.”

ಅವನು ಕಾಲೆತ್ತಲಿಲ್ಲ. ತಲೆ ಓರೆ ಮಾಡಿ ಕಾದ.

“ಮುಗೀತಾ ಟೀಚರೇ? ಹಿಂದೆ ಏನಾದ್ರೂ ಉಂಟಾ?”

ಟೀಚರ್ ಒಂದು ಉಸಿರು ತೆಗೆದುಕೊಂಡರು. ಆ ಉಸಿರಿನ ಆಚೆ ಏನಿದೆಯೆಂದು ನನಗೂ ಗೊತ್ತಿರಲಿಲ್ಲ.

“ಏನೂ ಇಲ್ಲ. ಹತ್ತು.”

ಅವನು ಹತ್ತಿದ. ನಾವಿಬ್ಬರೂ ಅವನ ಹಿಂದೆ ಹತ್ತಿದೆವು.

ಅಂಧೇರಿಯ ನಂತರ ಜನ ಒತ್ತಿ ನಮ್ಮನ್ನು ಬೇರೆ ಮಾಡಿದರು. ಶೀನ ಬಾಗಿಲ ಕಡೆಯ ಕಂಬಕ್ಕೆ ಅಂಟಿಕೊಂಡ, ಟೀಚರ್ ಮತ್ತು ನಾನು ಒಳಗೆ, ಗಂಡಸರ ಬೆನ್ನುಗಳ ನಡುವೆ. ದಾದರ್ ಇನ್ನೇನು ಬಂತು ಎನ್ನುವಾಗ ಗಾಡಿ ಸಿಗ್ನಲಿಗೆ ನಿಂತಿತು. ಅವಸರದವರು ಕೆಲವರು ಹಳಿಗಳ ಕಡೆಗೇ ಧುಮುಕಿ ನಡೆಯತೊಡಗಿದರು. ಪಕ್ಕದ ಹಳಿಯಲ್ಲಿ ಫಾಸ್ಟ್ ಗಾಡಿಯೊಂದು ಹಾರ್ನ್ ಹಾಕುತ್ತಾ ಬರುತ್ತಿತ್ತು. ಗಾಡಿ ನಿಂತಿತ್ತು, ಪಕ್ಕದವರು ಇಳಿದಿದ್ದರು. ಶೀನ ಕೋಲನ್ನು ಮುಂದಿಟ್ಟು ಕಾಲೆತ್ತಿದ.

ನಾನು ಕೂಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದಲ್ಲಿ ಟೀಚರ್ ಒಂದು ಉಸಿರು ತೆಗೆದುಕೊಂಡು, ಎಂದಿನಂತೆ ತೀರ ಮೆಲ್ಲಗೆ, ಆ ಒಂದು ಮಾತು ಹೇಳಿದರು. ಅವರಿಗೆ ಮೈ ತಾಗಿಸಿ ನಿಂತಿದ್ದ ನನಗೆ ತುಟಿ ಚಲಿಸಿದ್ದು ಕಂಡಿತೇ ಹೊರತು ಕೇಳಿಸಲಿಲ್ಲ.

ಬಾಗಿಲಲ್ಲಿ ಶೀನನ ಕಾಲು ಹಿಂದಕ್ಕೆ ಬಂತು.